ಪದ್ಮಿನಿ ಟ್ಯಾಕ್ಸಿ: ಇಗ್ನಿಷನ್ ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ದೋಷಗಳ ಪತ್ತೆ

ಪಾಯಿಂಟ್, ಕಂಡೆನ್ಸರ್, ಕಾರ್ಬ್ಯುರೇಟರ್ ಇರುವ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಗೆ ಸರಿಯಾಗಿ ಬೀಳುತ್ತಿಲ್ಲವೋ, ಪೆಟ್ರೋಲ್-ಗಾಳಿಯ ಮಿಶ್ರಣ ಕೆಟ್ಟಿದೆಯೋ ಎಂದು ಬೇರ್ಪಡಿಸಿ ಗುರುತಿಸುವ ಕ್ರಮ. ಮುಂಬಯಿಯಲ್ಲಿ ದಶಕಗಳ ಕಾಲ ಈ ಕೆಲಸ ಹೆಚ್ಚಾಗಿ ನಡೆದದ್ದು ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಮೇಲೆ. ಅಂಬಾಸಡರ್‌ಗೂ ಪೆಟ್ರೋಲ್ ಜೀಪಿಗೂ ಹಳೆಯ ಪಿಕಪ್ ಗಾಡಿಗಳಿಗೂ ಕ್ರಮ ಇದೇ; ಅಳತೆಗಳು ಮಾತ್ರ ಬೇರೆ.

ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ತನ್ನ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಕಾರನ್ನು ತಯಾರಿಸಿತು. 1970ರ ದಶಕದಲ್ಲಿ ಅದೇ ಕಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಮುಂಬಯಿಯವರ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು. ಅದರ ಪೆಟ್ರೋಲ್ ಎಂಜಿನ್ ನಾಲ್ಕು ಸಿಲಿಂಡರಿನದು; ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಒಟ್ಟು 1089 ಸಿ.ಸಿ. ಫೈರಿಂಗ್ ಆರ್ಡರ್ 1-3-4-2.

ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ತುಸು ಮುಂಚೆ ಪ್ಲಗ್ಗಿನಲ್ಲಿ ಕಿಡಿ ಬೀಳಬೇಕು. ಎಂಜಿನ್ ಸ್ಲೋ ಸ್ಪೀಡಿನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದು ಡಿಗ್ರಿ ಸರಿಯಲು ಹಿಡಿಯುವ ಸಮಯ ಸೆಕೆಂಡಿನ 4800ರಲ್ಲಿ ಒಂದು ಪಾಲು. ಕಿಡಿ ಬೇಗ ಬಿದ್ದರೆ ಟೈಮಿಂಗ್ ಅಡ್ವಾನ್ಸ್ ಆಗಿದೆ ಎನ್ನುತ್ತಾರೆ: ಏರಿನಲ್ಲಿ ಎಂಜಿನ್ ಕಟಕಟ ನಾಕಿಂಗ್ ಹೊಡೆಯುತ್ತದೆ, ಸೆಲ್ಫ್ ಹೊಡೆದಾಗ ಹಿಂದಕ್ಕೆ ಒದೆಯುತ್ತದೆ. ತಡವಾದರೆ ರಿಟಾರ್ಡ್: ಪಿಕಪ್ ಇರುವುದಿಲ್ಲ, ಎಂಜಿನ್ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ತೊಡಕಿರುವುದು ಇಲ್ಲೇ. ಪಿಕಪ್ ಇಲ್ಲದಿರುವುದು, ಮಿಸ್ಸಿಂಗ್, ಪೆಟ್ರೋಲ್ ಖರ್ಚು, ಇವೆಲ್ಲ ಕಾರ್ಬ್ಯುರೇಟರ್ ಕೆಟ್ಟಾಗಲೂ ಕಾಣುವ ಲಕ್ಷಣಗಳೇ. ಆದ್ದರಿಂದ ಇಗ್ನಿಷನ್ ಸರಿಯಿದೆ ಎಂದು ಖಚಿತವಾಗುವ ತನಕ ಕಾರ್ಬ್ಯುರೇಟರಿಗೆ ಸ್ಕ್ರೂಡ್ರೈವರ್ ತಾಗಿಸಬಾರದು. ಮೊದಲೇ ಮಿಕ್ಸ್ಚರ್ ಸ್ಕ್ರೂ ತಿರುಗಿಸಿಬಿಟ್ಟರೆ ಒಂದು ದೋಷದ ಮೇಲೆ ಇನ್ನೊಂದು ಕೂತು, ಎರಡನ್ನೂ ಹುಡುಕುವುದು ಕಷ್ಟವಾಗುತ್ತದೆ.

ಪತ್ತೆ ಶುರುವಾಗುವುದು ಪ್ಲಗ್ಗಿನಿಂದ. ನಾಲ್ಕನ್ನೂ ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟರೆ ಅರ್ಧ ಉತ್ತರ ಸಿಗುತ್ತದೆ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಲ್ಲ ಸರಿ. ನಾಲ್ಕೂ ಒಣ ಮಸಿ ಹಿಡಿದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಕಡಿಮೆ, ಇಲ್ಲವೇ ಟೈಮಿಂಗ್ ಅತಿ ಅಡ್ವಾನ್ಸ್. ಒಂದೇ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಆ ಸಿಲಿಂಡರಿಗೆ ಕರೆಂಟ್ ಬರುತ್ತಿಲ್ಲ. ಎಣ್ಣೆಯಾಗಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಅದು ಟ್ಯೂನಿಂಗಿನಿಂದ ಹೋಗುವ ರೋಗವಲ್ಲ.

ಮುಂದಿನದು ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು. ಕ್ಯಾಮಿಗೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆಯುತ್ತ ಹೋದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ತಾನಾಗಿಯೇ ರಿಟಾರ್ಡ್ ಆಗುತ್ತದೆ. ಹೀಗಾಗಿ ಫೀಲರ್ ಗೇಜಿನಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ನಿಖರ ಅಳತೆಗೆ ಆಯಾ ಡಿಸ್ಟ್ರಿಬ್ಯೂಟರಿನ ಪುಸ್ತಕವೇ ಪ್ರಮಾಣ. ಪಾಯಿಂಟಿನ ಮುಖದಲ್ಲಿ ಒಂದು ಕಡೆ ಗುಳಿ, ಎದುರಿಗೆ ಗುಬುಟು ಎದ್ದಿದ್ದರೆ, ಅಥವಾ ಪಾಯಿಂಟ್ ತೆರೆಯುವಾಗ ದಪ್ಪ ಕಿಡಿ ಹಾರುತ್ತಿದ್ದರೆ ಕಂಡೆನ್ಸರನ್ನು ಅನುಮಾನಿಸಬೇಕು.

ಟೈಮಿಂಗ್ ನೋಡಲು 12 ವೋಲ್ಟಿನ ಒಂದು ಬಲ್ಬ್ ಸಾಕು. ಬಲ್ಬಿನ ಒಂದು ವೈರನ್ನು ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ತಂತಿ ಬಂದು ಸೇರುವ ಜಾಗಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಸಿಕ್ಕಿಸಿ, ಕೀಲಿ ಆನ್ ಮಾಡಿ, ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಬಲ್ಬ್ ಹೊತ್ತಿಕೊಳ್ಳುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಒಂದನೇ ಸಿಲಿಂಡರಿನ ಕಂಪ್ರೆಷನ್ ಹೊಡೆತದಲ್ಲಿ ಪುಲ್ಲಿಯ ಗುರುತು ಟೈಮಿಂಗ್ ಗುರುತಿಗೆ ಕೂಡುವಾಗಲೇ ಬಲ್ಬ್ ಹೊತ್ತಬೇಕು. ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿ ಬಿಗಿಯಬೇಕು. ನಿಂತಲ್ಲಿ ಸರಿಯಿದ್ದೂ ವೇಗ ಹೆಚ್ಚಿದಾಗ ಎಂಜಿನ್ ಸೋತರೆ, ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಸಮುದ್ರದ ಗಾಳಿಯ ಈ ಊರಿನಲ್ಲಿ ಅದನ್ನು ಮರೆಯುವಂತಿಲ್ಲ.

ಕಾರ್ಬ್ಯುರೇಟರಿನ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಏರ್ ಫಿಲ್ಟರ್ ತೆಗೆದು, ಎಂಜಿನ್ ಬಂದ್ ಇರುವಾಗಲೇ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಒತ್ತಿದರೆ ಸಣ್ಣ ನಳಿಗೆಯಿಂದ ಪೆಟ್ರೋಲ್ ಸರ್ರನೆ ಚಿಮ್ಮಬೇಕು. ಚಿಮ್ಮದಿದ್ದರೆ ಒಂದೋ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಹೋಗಿದೆ, ಇಲ್ಲವೇ ಫ್ಲೋಟ್ ಚೇಂಬರಿಗೆ ಪೆಟ್ರೋಲ್ ಬಂದೇ ಇಲ್ಲ. ಸ್ಲೋ ಸ್ಪೀಡಿನಲ್ಲಿ ಮಾತ್ರ ಎಂಜಿನ್ ನಿಂತುಹೋಗುತ್ತಿದ್ದರೆ ಪೈಲಟ್ ಜೆಟ್ಟಿನಲ್ಲಿ ಕಸ ಕೂತಿರುತ್ತದೆ. ಜೆಟ್ಟನ್ನು ಗಾಳಿ ಹೊಡೆದು ಶುಚಿ ಮಾಡಬೇಕೇ ಹೊರತು ತಂತಿ ತೂರಿಸಬಾರದು. ತೂತು ದೊಡ್ಡದಾದರೆ ಆ ಜೆಟ್ ಮುಗಿಯಿತು.

ಮುಂಬಯಿಯ ಹವೆ, ಟ್ರಾಫಿಕ್ಕುಗಳಿಂದಲೇ ಬರುವ ದೋಷಗಳು ಎರಡು. ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನಿಂತ ನೀರು ಸಿಡಿದು ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಸೇರುತ್ತದೆ. ಒರೆಸಿದರೆ ಗಾಡಿ ಹೊರಡುತ್ತದೆ. ಆದರೆ ಕ್ಯಾಪಿನಲ್ಲಿ ಕೂದಲಿನಂಥ ಕರಿ ಗೀರು ಬಿದ್ದಿದ್ದರೆ ಕರೆಂಟ್ ಅಲ್ಲೇ ಸೋರುತ್ತಿರುತ್ತದೆ, ಕ್ಯಾಪ್ ಬದಲಿಸಲೇಬೇಕು. ಇನ್ನೊಂದು, ಮೇ ತಿಂಗಳ ಬಿಸಿಲಿನಲ್ಲಿ ಗಾಡಿ ತೆವಳುವಾಗ ಫ್ಯುಯೆಲ್ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಎಂಜಿನ್ ನಿಲ್ಲುವುದು. ಚಾಲಕರು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಕಾದ ಕಾಯಿಲ್ ಕೈಕೊಟ್ಟಾಗಲೂ ಗಾಡಿ ಹೀಗೆಯೇ ನಿಲ್ಲುತ್ತದೆ. ಕಿಡಿ ಇದ್ದು ಪೆಟ್ರೋಲ್ ಚಿಮ್ಮದಿದ್ದರೆ ಆವಿಯ ತೊಂದರೆ. ಚಿಮ್ಮಿಯೂ ಕಿಡಿ ಇಲ್ಲದಿದ್ದರೆ ಕಾಯಿಲ್.

2000ರ ದಶಕದಲ್ಲಿ ಟ್ಯಾಕ್ಸಿಗಳು ಸಿ.ಎನ್.ಜಿ.ಗೆ ಬದಲಾದ ಮೇಲೆ ಮೆಕ್ಯಾನಿಕ್‌ಗಳಿಗೆ ಹೊಸ ಪರೀಕ್ಷೆಯೊಂದು ಸಿಕ್ಕಿತು. ಗ್ಯಾಸ್ ಮಿಕ್ಸರಿನ ಮೂಲಕ ಒಳಹೋಗುತ್ತದೆ, ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಮುಟ್ಟುವುದಿಲ್ಲ. ಮಿಸ್ಸಿಂಗ್ ಪೆಟ್ರೋಲಿನಲ್ಲಿ ಮಾತ್ರ ಇದ್ದು ಗ್ಯಾಸಿನಲ್ಲಿ ಇಲ್ಲದಿದ್ದರೆ ದೋಷ ಬಹುಪಾಲು ಕಾರ್ಬ್ಯುರೇಟರಿನದು ಅಥವಾ ಪಂಪಿನದು. ಎರಡರಲ್ಲೂ ಇದ್ದರೆ ಮೊದಲು ಇಗ್ನಿಷನ್ ನೋಡಬೇಕು. ಗ್ಯಾಸಿನಲ್ಲಿ ಮಾತ್ರ ಇದ್ದರೆ ಅವಸರದಲ್ಲಿ ಗ್ಯಾಸ್ ಕಿಟ್ಟನ್ನು ದೂರಬಾರದು: ಗ್ಯಾಸ್ ಹೊತ್ತಿಕೊಳ್ಳಲು ಹೆಚ್ಚಿನ ವೋಲ್ಟೇಜ್ ಬೇಕಾದ್ದರಿಂದ ಸೋತ ಪ್ಲಗ್, ಕಾಯಿಲ್, ವೈರುಗಳ ಬಣ್ಣ ಅಲ್ಲೇ ಮೊದಲು ಬಯಲಾಗುತ್ತದೆ. ಸದಾ ಗ್ಯಾಸಿನಲ್ಲೇ ಓಡಿಸಿದರೆ ಫ್ಲೋಟ್ ಚೇಂಬರ್ ಒಣಗಿ ಅಂಟು ಹಿಡಿಯುತ್ತದೆ, ನೀಡಲ್ ವಾಲ್ವ್ ಕಚ್ಚಿಕೊಳ್ಳುತ್ತದೆ. ಮತ್ತೆ ಪೆಟ್ರೋಲಿಗೆ ಬದಲಿಸಿದ ದಿನ ಕಾರ್ಬ್ಯುರೇಟರ್ ತುಂಬಿ ಹರಿಯುತ್ತದೆ.

ಗ್ಯಾಸ್ ನಿಧಾನವಾಗಿ ಉರಿಯುವುದರಿಂದ ಅದಕ್ಕೆ ಕಿಡಿ ಇನ್ನಷ್ಟು ಮುಂಚೆ ಬೇಕು. ಒಂದೇ ಡಿಸ್ಟ್ರಿಬ್ಯೂಟರ್ ಎರಡೂ ಇಂಧನಕ್ಕೆ ಒಪ್ಪುವುದು ಸಾಧ್ಯವಿಲ್ಲ. ದಿನದ ದುಡಿಮೆ ಗ್ಯಾಸಿನದಾದ್ದರಿಂದ ಟೈಮಿಂಗನ್ನೂ ಅದಕ್ಕೇ ಹೊಂದಿಸಿದರೆ ಪೆಟ್ರೋಲಿನಲ್ಲಿ ನಾಕಿಂಗ್ ಬರುತ್ತದೆ.

ತಾಡದೇವ್ ಆರ್.ಟಿ.ಒ.ದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ವಯೋಮಿತಿ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಈಗ ಉಳಿದಿರುವುದು ಖಾಸಗಿಯವರು ಅಕ್ಕರೆಯಿಂದ ಇಟ್ಟುಕೊಂಡ ಕಾರುಗಳು. ಗ್ಯಾಸ್ ಕಿಟ್ ತೆಗೆಸಿ ಪೆಟ್ರೋಲಿಗೆ ಮರಳಿಸಿದ ಪದ್ಮಿನಿ ಕೊಳ್ಳುವವರು, ಟೈಮಿಂಗ್ ಇನ್ನೂ ಗ್ಯಾಸಿಗೆ ಇಟ್ಟ ಹಾಗೆಯೇ ಇದೆಯೇ ಎಂದು ಮೊದಲು ಬಲ್ಬ್ ಹಚ್ಚಿ ನೋಡಿಸಬೇಕು.