ಕಟ್ಟುವ ಅಧಿಕಾರ, ಕಾಯುವ ಹೊಣೆ: ಬಾಗಲಕೋಟೆ ಸೀಮೆಯ ಲೋಕೋಪಯೋಗಿ ಕಾಮಗಾರಿಗಳ ಚರಿತ್ರೆ

ಲೋಕೋಪಯೋಗಿ ಇಲಾಖೆ ಎಂಬುದು ಸರ್ಕಾರದ ಹಣದಿಂದ ರಸ್ತೆ, ಸೇತುವೆ, ಕೆರೆ, ಕಚೇರಿಗಳನ್ನು ಕಟ್ಟಿ ಅವುಗಳನ್ನು ಸುಸ್ಥಿತಿಯಲ್ಲಿ ಇಡಬೇಕಾದ ವ್ಯವಸ್ಥೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಚರಿತ್ರೆಯನ್ನು ನೋಡಿದರೆ ಈ ಎರಡು ಹೊಣೆಗಳು ಒಂದೇ ಕೈಯಲ್ಲಿ ಉಳಿದ ಕಾಲ ಕಡಿಮೆ. ಈ ಸೀಮೆಯ ದೊಡ್ಡ ಕಾಮಗಾರಿಗಳಲ್ಲಿ ಹೆಚ್ಚಿನವು ಊರವರ ಬೇಡಿಕೆಯಿಂದ ಹುಟ್ಟಿದವಲ್ಲ, ಬರ, ಮುಳುಗಡೆ, ನೆರೆಗಳಂಥ ವಿಪತ್ತುಗಳ ಬೆನ್ನಿಗೆ ಬಂದವು. ಅವುಗಳನ್ನು ಕಟ್ಟುವ ಅಧಿಕಾರ ಪುಣೆ, ಮುಂಬಯಿ ಅಥವಾ ಬೆಂಗಳೂರಿನಲ್ಲಿ ನೆಲೆಸಿತ್ತು, ಕಟ್ಟಿದ್ದನ್ನು ಕಾಯುವ ಹೊರೆ ಮಾತ್ರ ನಿಧಾನವಾಗಿ ಊರಿನ ಹೆಗಲಿಗೆ ಇಳಿಯಿತು.

ಚಾಲುಕ್ಯರ ಕಾಲದಲ್ಲಿ ಕಾಮಗಾರಿಯ ನೇತೃತ್ವ ವಹಿಸಿದವರ ಹೆಸರನ್ನೇ ಕಲ್ಲಿನಲ್ಲಿ ಕೆತ್ತುವ ರೂಢಿ ಇತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. 543ರಲ್ಲಿ ಮೊದಲನೆಯ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ ವಿಷಯವನ್ನು ಬಂಡೆಯ ಶಾಸನವೊಂದು ಹೇಳುತ್ತದೆ; ಅಲ್ಲಿ ಕಾಣುವುದು ಅರಸನ ಹೆಸರು ಮಾತ್ರ. ಸುಮಾರು ಎರಡು ಶತಮಾನಗಳ ನಂತರ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷ ಎಂದು ಕರೆಯುವ ದೇವಾಲಯದ ಶಾಸನದಲ್ಲಿ ಚಿತ್ರ ಬದಲಾಗುತ್ತದೆ. ಗುಂಡ ಎಂಬ ಅನಿವಾರಿತಾಚಾರಿ ಈ ಗುಡಿಯ ಸೂತ್ರಧಾರಿ, ಎಂದರೆ ಅಳತೆಯ ನೂಲನ್ನು ಕೈಯಲ್ಲಿ ಹಿಡಿದು ಕೆಲಸಗಾರರೆಲ್ಲರನ್ನೂ ನಡೆಸುವ ಮುಖ್ಯ ಶಿಲ್ಪಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದೂ ಪೆರ್ಜೆರೆಪು ಎಂಬ ಗೌರವವೂ ಸಂದವೆಂದು ಆ ಶಾಸನ ತಿಳಿಸುತ್ತದೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ಸೂತ್ರಧಾರಿಯನ್ನು ಅಲ್ಲಿಯೇ ಪುರಗಳ ವಾಸ್ತುವಿಗೆ ಪಿತಾಮಹನೆಂಬಂತೆ ಹೊಗಳಲಾಗಿದೆ. ಇಂದಿನ ಸೇತುವೆಯ ಉದ್ಘಾಟನಾ ಫಲಕಗಳಲ್ಲಿ ಮಂತ್ರಿಯಿಂದ ಹಿಡಿದು ಪಂಚಾಯಿತಿ ಸದಸ್ಯರವರೆಗೆ ಹೆಸರುಗಳು ತುಂಬಿರುವಾಗ ನಕ್ಷೆ ಬರೆದ ಇಂಜಿನಿಯರನ ಹೆಸರನ್ನು ಹುಡುಕಬೇಕಾಗುತ್ತದೆ.

ಕಾಯುವ ಹೊಣೆಯ ವಿಷಯದಲ್ಲಿಯೂ ಹಳೆಯ ಕನ್ನಡ ನಾಡಿಗೆ ತನ್ನದೇ ಆದ ಕ್ರಮವಿತ್ತು. ಕೆರೆಯನ್ನು ಕಟ್ಟಿದವನಿಗೆ ಅಥವಾ ಅದನ್ನು ದುರಸ್ತಿಯಲ್ಲಿ ಇಡುವವನಿಗೆ ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟುಕೊಡುವುದಕ್ಕೆ ಕಟ್ಟುಗೊಡಗೆ ಎನ್ನುತ್ತಿದ್ದರು. ಹೂಳು ತೆಗೆಯುವ ಬಂಡಿ, ಕೋಣಗಳ ವೆಚ್ಚಕ್ಕೂ ಪ್ರತ್ಯೇಕ ದತ್ತಿಗಳಿದ್ದವು. ನಿರ್ಮಾಣದ ದಾನಪತ್ರದಲ್ಲಿಯೇ ನಿರ್ವಹಣೆಯ ವರಮಾನವನ್ನು ಬರೆದಿಡುವ ಈ ಪದ್ಧತಿಯಲ್ಲಿ ಅನ್ಯಾಯಗಳು ಇರಲಿಲ್ಲವೆಂದಲ್ಲ, ಮಣ್ಣು ಹೊತ್ತವರಿಗೂ ಭೂಮಿ ಪಡೆದವರಿಗೂ ನಡುವೆ ಜಾತಿಯ ಗೋಡೆ ಇದ್ದೇ ಇತ್ತು. ಆದರೂ ಕೆರೆ ಒಡೆದರೆ ಯಾರನ್ನು ಕೇಳಬೇಕು ಎಂಬುದು ಊರಿಗೆ ತಿಳಿದಿತ್ತು.

ಕಂಪನಿ ಸರ್ಕಾರದ ಆಡಳಿತದಲ್ಲಿ ಈ ಏರ್ಪಾಡು ಸಡಿಲವಾಯಿತು. 1850ರ ದಶಕದವರೆಗೆ ಸಾರ್ವಜನಿಕ ಕಟ್ಟಡಗಳ ಮೇಲ್ವಿಚಾರಣೆ ಸೇನೆಯ ಮಿಲಿಟರಿ ಬೋರ್ಡಿನ ಕೈಯಲ್ಲಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ರದ್ದುಮಾಡಿ ಪ್ರತ್ಯೇಕ ಪಬ್ಲಿಕ್ ವರ್ಕ್ಸ್ ಇಲಾಖೆಯನ್ನು ಸ್ಥಾಪಿಸಿದ ಮೇಲೆ ಮುಂಬಯಿ ಪ್ರಾಂತ್ಯದಲ್ಲಿಯೂ ಚೀಫ್ ಇಂಜಿನಿಯರ್, ಸೂಪರಿಂಟೆಂಡಿಂಗ್ ಇಂಜಿನಿಯರ್, ಎಕ್ಸಿಕ್ಯುಟಿವ್ ಇಂಜಿನಿಯರ್, ಅವರ ಕೆಳಗೆ ಓವರ್‌ಸಿಯರ್ ಮತ್ತು ಮೇಸ್ತ್ರಿ ಎಂಬ ಶ್ರೇಣಿ ಬೆಳೆಯಿತು. ಈ ಶ್ರೇಣಿಯ ಕೆಳಗಿನ ಮೆಟ್ಟಿಲುಗಳಿಗೆ ದೇಶೀಯರನ್ನು ತಯಾರು ಮಾಡಲೆಂದೇ 1854ರಲ್ಲಿ ಪುಣೆಯಲ್ಲಿ ತೆರೆದ ಶಾಲೆ ಮುಂದೆ ಇಂಜಿನಿಯರಿಂಗ್ ಕಾಲೇಜಾಯಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಲ್ಲಿ ಓದಿ, 1884ರಲ್ಲಿ ಇದೇ ಮುಂಬಯಿ ಇಲಾಖೆಗೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಸೇರಿದವರು. ಇಲಾಖೆಯ ನಿಜವಾದ ಅಧಿಕಾರ ಮಾತ್ರ ಮೂರು ಕಾಗದಗಳಲ್ಲಿ ಅಡಗಿತ್ತು: ಕೆಲಸದ ವೆಚ್ಚವನ್ನು ಮೊದಲೇ ಲೆಕ್ಕಹಾಕುವ ಎಸ್ಟಿಮೇಟ್, ಕೂಲಿಗಳ ಹಾಜರಿ ಬರೆಯುವ ಮಸ್ಟರ್ ರೋಲ್, ಆದ ಕೆಲಸವನ್ನು ಅಳೆದು ದಾಖಲಿಸುವ ಅಳತೆ ಪುಸ್ತಕ, ಅಂದರೆ ಮೆಷರ್ಮೆಂಟ್ ಬುಕ್ ಅಥವಾ ಎಂ.ಬಿ. ಇಂದಿಗೂ ಎಂ.ಬಿ. ಬರೆಯುವುದು ಎಂದರೆ ಗುತ್ತಿಗೆದಾರರ ನಡುವೆ ಕೆಲಸಕ್ಕೆ ಜೀವ ಬಂದಂತೆ. ಅಳತೆ ಪುಸ್ತಕದಲ್ಲಿ ಏರದ ರಸ್ತೆ ಭೂಮಿಯ ಮೇಲೆ ಇದ್ದರೂ ಬಿಲ್ಲಿನಲ್ಲಿ ಇರುವುದಿಲ್ಲ.

ಆ ಕಾಲದಲ್ಲಿ ಬಾಗಲಕೋಟೆಯು ಕಲಾದಗಿ ಜಿಲ್ಲೆಗೆ ಸೇರಿತ್ತು. 1864ರಲ್ಲಿ ರೂಪುಗೊಂಡ ಈ ಜಿಲ್ಲೆಯ ಮುಖ್ಯಸ್ಥಾನ, ಬಾಗಲಕೋಟೆಯ ಪಶ್ಚಿಮಕ್ಕಿರುವ, ಹಿಂದೆ ದಂಡಿನ ಠಾಣೆಯಾಗಿದ್ದ ಕಲಾದಗಿಯಲ್ಲಿತ್ತು. ಹುನಗುಂದ ಸುತ್ತಿನ ಎರಿ ಭೂಮಿ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದ್ದು. ಅದರ ಮೇಲೆ ಗರಸು ಮತ್ತು ಖಡಿಯ ದಪ್ಪ ಹಾಸು ಹಾಕದೆ ಹತ್ತಿಯ ಬಂಡಿಗಳು ಮಳೆಗಾಲದಲ್ಲಿ ಕದಲುವಂತಿರಲಿಲ್ಲ. ಇಂಥ ಊರ ರಸ್ತೆಗಳಿಗೆ ಹಣ ಹೊಂದಿಸಲು 1869ರ ಮುಂಬಯಿ ಕಾಯಿದೆ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯ ಸ್ಥಳೀಯ ಕರವನ್ನು ವಿಧಿಸಿತು. ಅದರ ಮೂರನೆಯ ಎರಡು ಪಾಲು ರಸ್ತೆ, ಬಾವಿ ಮೊದಲಾದ ಕಾಮಗಾರಿಗಳಿಗೆ, ಉಳಿದದ್ದು ಶಾಲೆಗಳಿಗೆ ಎಂದು ಹಂಚಿಕೆಯಾಯಿತು. ರೈತನ ಆಣೆಯಿಂದ ರಸ್ತೆಯಾಗುತ್ತಿತ್ತು, ಆದರೆ ಯಾವ ರಸ್ತೆ ಮೊದಲು ಎಂಬುದನ್ನು ನಿರ್ಧರಿಸುವ ಸಮಿತಿಯ ತಲೆಯಲ್ಲಿ ಕಲೆಕ್ಟರನೂ ಅದನ್ನು ಕಟ್ಟುವ ಸ್ಥಾನದಲ್ಲಿ ಎಕ್ಸಿಕ್ಯುಟಿವ್ ಇಂಜಿನಿಯರನೂ ಕುಳಿತಿದ್ದರು.

ಇಲಾಖೆಯ ಹೊಣೆಗಾರಿಕೆಯ ಕಠಿಣ ಪರೀಕ್ಷೆ 1876ರ ಬರದಲ್ಲಿ ನಡೆಯಿತು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಇದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸಾವು ಮತ್ತು ವಲಸೆಗಳ ಲೆಕ್ಕಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಪರಿಹಾರದ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಗಿತ್ತು. ಗಟ್ಟಿಯಾಗಿ ದುಡಿಯಬಲ್ಲವರು ಪಬ್ಲಿಕ್ ವರ್ಕ್ಸ್ ಇಲಾಖೆ ನಡೆಸುವ ರಸ್ತೆ, ರೈಲು ಏರಿಗಳಂಥ ದೊಡ್ಡ ಕಾಮಗಾರಿಗಳಿಗೆ ಹೋಗಬೇಕು, ಅಲ್ಲಿ ಅಳೆದು ಕೆಲಸ ಪಡೆಯಲಾಗುತ್ತಿತ್ತು. ಸೊರಗಿದವರು ಮಾತ್ರ ಕಂದಾಯ ಅಧಿಕಾರಿಗಳು ಊರ ಸಮೀಪದಲ್ಲಿ ನಡೆಸುವ, ಕಡಿಮೆ ಕೆಲಸದ ಮತ್ತು ಕಡಿಮೆ ಕೂಲಿಯ ಸಿವಿಲ್ ಕಾಮಗಾರಿಗಳಿಗೆ ಸೇರಬಹುದಿತ್ತು. ಯಾರು ಗಟ್ಟಿ, ಯಾರು ಸೊರಗಿದವರು ಎಂಬ ತೀರ್ಮಾನ ಮಸ್ಟರ್ ಹಿಡಿದವನದಾಗಿತ್ತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂಬ ಲೆಕ್ಕದ ಮೇಲೆ ಕೂಲಿಯನ್ನು ಇಳಿಸಿದಾಗ, ಮಣ್ಣಿನ ಬುಟ್ಟಿಯ ಗಾತ್ರ ಹಾಗೆಯೇ ಉಳಿದು ಹೊಟ್ಟೆಯ ಪಾಲು ಮಾತ್ರ ಕುಗ್ಗಿತು. ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಯ ಮಾರ್ಗವಾಗಿ ಗದಗಕ್ಕೆ ಹೋಗುವ ರೈಲುಹಾದಿಯ ಮಣ್ಣುಕೆಲಸದ ಒಂದು ಭಾಗ ಹೀಗೆ ಬರಗಾಲದ ಕೂಲಿಯಲ್ಲಿ ಆದದ್ದು; 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಆ ಹಾದಿಯಲ್ಲಿ ಗಾಡಿ ಓಡಿಸಿತು. ರೈಲಿನಲ್ಲಿ ಕುಳಿತು ಬಾದಾಮಿಯ ಗುಹೆಗಳನ್ನು ನೋಡಲು ಬರುವವರು ಯಾವ ಏರಿಯ ಮೇಲೆ ಸಾಗುತ್ತಾರೆ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ.

ಬರ ಮುಗಿದ ಮೇಲೆ ನೇಮಕವಾದ ಆಯೋಗದ ಅಧ್ಯಕ್ಷ ರಿಚರ್ಡ್ ಸ್ಟ್ರೇಚಿ ಸ್ವತಃ ಪಬ್ಲಿಕ್ ವರ್ಕ್ಸ್ ಇಲಾಖೆಯ ಕಾರ್ಯದರ್ಶಿಯಾಗಿದ್ದವನು. 1880ರ ವರದಿಯನ್ನು ಅನುಸರಿಸಿ ಬಂದ ಬರಗಾಲ ಸಂಹಿತೆಗಳು, ಅಂದರೆ ಬರ ಬಂದಾಗ ಯಾವ ಅಧಿಕಾರಿ ಏನು ಮಾಡಬೇಕೆಂಬ ನಿಯಮಗಳ ಕಟ್ಟು, ಪ್ರತಿ ಜಿಲ್ಲೆಯಲ್ಲಿಯೂ ಆರಂಭಿಸಬಹುದಾದ ಕಾಮಗಾರಿಗಳ ಪಟ್ಟಿಯನ್ನು ಇಲಾಖೆ ಮೊದಲೇ ಸಿದ್ಧವಾಗಿ ಇಟ್ಟಿರಬೇಕೆಂದು ಹೇಳಿದವು. ಇದರ ಒಂದು ವಿಚಿತ್ರ ಫಲವೆಂದರೆ, ಒಳ್ಳೆಯ ಮಳೆಯ ವರ್ಷಗಳಲ್ಲಿ ಹಣ ಸಿಗದ ರಸ್ತೆ ಬರದ ವರ್ಷಕ್ಕಾಗಿ ಕಾಯುತ್ತ ಕಾಗದದಲ್ಲಿ ಉಳಿಯುತ್ತಿತ್ತು. ಬಾಗಲಕೋಟೆಯ ಬಳಿಯ ಮುಚಖಂಡಿ ಕೆರೆಯ ಕಲ್ಲಿನ ಒಡ್ಡು 1882ರಲ್ಲಿ ಪೂರ್ಣವಾಯಿತು. ವೀರಭದ್ರನ ಗುಡಿಯ ಪಕ್ಕದ ಗುಡ್ಡಗಳ ಸಂದಿಯನ್ನು ಮುಚ್ಚಿ ನಿಂತಿರುವ ಈ ಒಡ್ಡು ಆ ಕಾಲದ ಗಟ್ಟಿ ಕೆಲಸಕ್ಕೆ ಸಾಕ್ಷಿ. ಆದರೆ ಜಲಾನಯನ ಕಿರಿದಾಗಿ ಮಳೆ ನೆಚ್ಚಲಾಗದ್ದಾದ್ದರಿಂದ ಕೆರೆ ತುಂಬಿದ ವರ್ಷಗಳಿಗಿಂತ ಬರಿದಾದ ವರ್ಷಗಳನ್ನು ಜನ ಹೆಚ್ಚು ನೆನೆಯುತ್ತಾರೆ. ಒಡ್ಡಿನ ಗಟ್ಟಿತನಕ್ಕೆ ಇಲಾಖೆ ಉತ್ತರ ಕೊಡಬಲ್ಲದು, ಮಳೆಯ ಲೆಕ್ಕಕ್ಕೆ ಕೊಡಲಾರದು.

1884–85ರಲ್ಲಿ ಜಿಲ್ಲೆಯ ಮುಖ್ಯಸ್ಥಾನ ವಿಜಯಪುರಕ್ಕೆ ಹೋದದ್ದು ಈ ಊರುಗಳ ಮಟ್ಟಿಗೆ ಇಲಾಖೆಯ ಕಚೇರಿ ಇನ್ನಷ್ಟು ದೂರವಾದಂತೆ ಆಯಿತು. ಅಲ್ಲಿ ಆದಿಲಶಾಹಿ ಅರಮನೆಗಳನ್ನು ರಿಪೇರಿ ಮಾಡಿ ಕಚೇರಿಗಳನ್ನಾಗಿ ಮಾಡುವುದರಲ್ಲಿ ಇಂಜಿನಿಯರುಗಳು ತೊಡಗಿದ್ದಾಗ, ಬಾಗಲಕೋಟೆಯಲ್ಲಿ 1860ರ ದಶಕದಿಂದಲೇ ಇದ್ದ ಪುರಸಭೆ ಬೀದಿದೀಪ, ಚರಂಡಿ, ಕಸ ಇವುಗಳ ಚಿಂತೆಯಲ್ಲಿತ್ತು. ವೈಸರಾಯ್ ರಿಪ್ಪನ್ನನ ಸ್ಥಳೀಯ ಸ್ವಯಮಾಡಳಿತದ ನೀತಿ ಮತ್ತು 1884ರ ಲೋಕಲ್ ಬೋರ್ಡ್ ಕಾಯಿದೆಗಳು ಚುನಾಯಿತ ಸದಸ್ಯರನ್ನು ತಂದವು. ತಾಲ್ಲೂಕು ಬೋರ್ಡಿಗೆ ರಸ್ತೆಗಳು ಬಂದವು, ಆದರೆ ದೊಡ್ಡ ಕೆಲಸ ಮಾಡಿಸುವಷ್ಟು ಇಂಜಿನಿಯರುಗಳೂ ಹಣವೂ ಬರಲಿಲ್ಲ. 1956ರಲ್ಲಿ ಮುಂಬಯಿ ಕರ್ನಾಟಕ ಮೈಸೂರು ರಾಜ್ಯಕ್ಕೆ ಸೇರಿದಾಗ ಇಲಾಖೆಯ ಹೆಸರುಪಟ್ಟಿ ಬದಲಾಯಿತು, ರೂಢಿ ಬದಲಾಗಲಿಲ್ಲ. ಇಲ್ಲಿಯ ತರುಣರು ಇಂಜಿನಿಯರಿಂಗ್ ಓದಲು ಪುಣೆಗೋ ಹುಬ್ಬಳ್ಳಿಗೋ ಹೋಗಬೇಕಾದ ಸ್ಥಿತಿಗೆ 1963ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಬಾಗಲಕೋಟೆಯಲ್ಲಿ ಕಾಲೇಜನ್ನು ತೆರೆದು ಒಂದು ಉತ್ತರ ಕೊಟ್ಟಿತು.

ಕಟ್ಟುವವರಿಗೂ ಕಾಯುವವರಿಗೂ ನಡುವಿನ ದೂರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆಲಮಟ್ಟಿಯ ಪ್ರಸಂಗದಲ್ಲಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣೆಗೆ ಅಡ್ಡಲಾದ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ನದಿ ನೀರಿನ ಹಂಚಿಕೆಯ ವ್ಯಾಜ್ಯ, ಹಣದ ಕೊರತೆಗಳಿಂದ ಕೆಲಸ ಎಳೆದು, 2000ದ ಸುಪ್ರೀಂ ಕೋರ್ಟ್ ತೀರ್ಪು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಟ್ಟುವುದೆಂದು ತಿಳಿದಾಗ, ಸಾಮಾನ್ಯ ಇಲಾಖೆಯಿಂದಾಗದ ಕೆಲಸಕ್ಕೆ 1983ರ ಕಾಯಿದೆಯ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಮುಳುಗುವ ಮನೆ, ಅಂಗಡಿಗಳನ್ನು ಸ್ವಾಧೀನಪಡಿಸಿಕೊಂಡು ನವನಗರವೆಂಬ ಹೊಸ ಊರನ್ನು ಕಟ್ಟುವುದು ಅದರ ಕೆಲಸ; ಊರಿನ ವಿನ್ಯಾಸಕ್ಕೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ತೊಡಗಿದ್ದರು. ವಠಾರದ ಅಂಗಳ, ಓಣಿಯ ನೆರಳು ಇವುಗಳನ್ನು ಉಳಿಸಿಕೊಳ್ಳಬೇಕೆಂಬ ಅವರ ಚಿಂತನೆ ನಿವೇಶನಗಳ ಹಂಚಿಕೆಯ ಗದ್ದಲದಲ್ಲಿ ಎಷ್ಟು ಉಳಿಯಿತು ಎಂಬುದನ್ನು ಇಂದಿನ ಅಗಲ ರಸ್ತೆಗಳಲ್ಲಿ ನಡೆದವರೇ ಹೇಳಬೇಕು.

ನವನಗರದ ರಸ್ತೆ, ನೀರು, ಒಳಚರಂಡಿಗಳನ್ನು ಪ್ರಾಧಿಕಾರ ಕಟ್ಟಿತು. ಹಳೆಯ ಪೇಟೆಯನ್ನು ನಗರಸಭೆ ನೋಡಿಕೊಂಡಿತು. ಊರನ್ನು ಹಾದುಹೋಗುವ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಯದೋ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದೋ ಆದವು. ಅಣೆಕಟ್ಟು 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮದ ವಶಕ್ಕೆ ಹೋಯಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯಾದಾಗ ಈ ಎಲ್ಲ ಕಚೇರಿಗಳೂ ಹತ್ತಿರ ಬಂದವು ನಿಜ, ಆದರೆ ಹಳೆಯ ಪೇಟೆ, ವಿದ್ಯಾಗಿರಿ, ನವನಗರ ಎಂಬ ಮೂರು ತುಂಡುಗಳಾದ ಊರಿನಲ್ಲಿ ಒಡೆದ ಪೈಪು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಲಿಲ್ಲ.

ಹುನಗುಂದ ಸೀಮೆಯಲ್ಲಿ ಕೃಷ್ಣೆಯ ಇದೇ ನೀರಾವರಿ ಯೋಜನೆಯ ಇನ್ನೊಂದು ಮುಖವಿದೆ. 1982ರಲ್ಲಿ ಪೂರ್ಣವಾದ ನಾರಾಯಣಪುರದ ಬಸವಸಾಗರ ಜಲಾಶಯದ ನೀರು ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮವನ್ನು ಆವರಿಸಿದಾಗ, ಬಸವಣ್ಣನವರ ಐಕ್ಯಸ್ಥಳವನ್ನು ಮೇಲಕ್ಕೆ ಎತ್ತಿ ಕಟ್ಟುವ ಬದಲು ಅದರ ಸುತ್ತ ಬಾವಿಯಂತೆ ದುಂಡಗಿನ ಗೋಡೆ ಎಬ್ಬಿಸಿ, ಒಳಗೆ ಮೆಟ್ಟಿಲಿಳಿದು ಹೋಗುವಂತೆ ಮಾಡಲಾಯಿತು. ನೀರಾವರಿ ಇಂಜಿನಿಯರಿಂಗು ಜನರ ಭಾವನೆಗೆ ಒಡ್ಡಿಕೊಂಡ ಅಪರೂಪದ ಉದಾಹರಣೆ ಇದು. ಅದೇ ತಾಲ್ಲೂಕಿನ ರಾಮಥಾಳ–ಮರೋಳ ಏತ ನೀರಾವರಿಯಲ್ಲಿ 24,000 ಹೆಕ್ಟೇರಿಗೆ ಹನಿ ನೀರು ಒದಗಿಸುವ ಕೊಳವೆಜಾಲ ಹಾಸಿದಾಗ, ಕೆಲವು ವರ್ಷ ಗುತ್ತಿಗೆದಾರ ಕಂಪನಿಗಳೇ ನಿರ್ವಹಿಸಿ ಮುಂದೆ ರೈತರ ಸಂಘಗಳು ವಹಿಸಿಕೊಳ್ಳಬೇಕೆಂಬ ಏರ್ಪಾಡು ಇತ್ತು. ಕಟ್ಟುಗೊಡಗೆಯ ಭೂಮಿಯಿಲ್ಲದ ಸಂಘಕ್ಕೆ ಪಂಪು, ಕವಾಟಗಳ ದುರಸ್ತಿಯ ಹಣ ಎಲ್ಲಿಂದ ಎಂಬುದು ಅದರ ದುರ್ಬಲ ಸ್ಥಾನ.

ಇಳಕಲ್ಲಿನ ಸಮಸ್ಯೆ ಬೇರೆ. ಸೀರೆಯ ಮಗ್ಗಗಳ ಊರಿಗೆ ಬಣ್ಣ ಹಾಕಲು ನೀರು ಬೇಕು, ಆ ಬಣ್ಣದ ನೀರು ಹೊರಹೋಗಲು ಚರಂಡಿ ಬೇಕು. ಸುತ್ತಲ ಕ್ವಾರಿಗಳಿಂದ ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹೊತ್ತ ಲಾರಿಗಳು ತಾಲ್ಲೂಕು ರಸ್ತೆಗಳನ್ನು ಅವುಗಳ ಲೆಕ್ಕಕ್ಕಿಂತ ಮೊದಲೇ ಸವೆಸುತ್ತವೆ. ಗಣಿಯ ರಾಜಧನ ರಾಜ್ಯದ ಖಜಾನೆಗೆ ಸೇರುತ್ತದೆ, ಕುಳಿ ಬಿದ್ದ ರಸ್ತೆಯ ದೂರು ಸ್ಥಳೀಯ ಇಂಜಿನಿಯರನ ಮೇಜಿಗೆ ಬರುತ್ತದೆ.

ಬಾದಾಮಿಯಲ್ಲಿ ಕಟ್ಟುವುದಕ್ಕೇ ಅಪ್ಪಣೆ ಬೇಕು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ; ಅಗಸ್ತ್ಯತೀರ್ಥ ಕೆರೆಯ ಅಂಚಿಗೆ ಅಂಟಿಕೊಂಡಿರುವ ಮನೆಗಳ ಓಣಿಯಲ್ಲಿ ಚರಂಡಿ ತೋಡುವುದಕ್ಕೂ ಪುರಸಭೆ ಪುರಾತತ್ವ ಇಲಾಖೆಯ ಕಡೆ ನೋಡಬೇಕು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹೃದಯ್ ಯೋಜನೆಗೆ ದೇಶದ 12 ಪಾರಂಪರಿಕ ಊರುಗಳಲ್ಲಿ ಬಾದಾಮಿಯೂ ಆಯ್ಕೆಯಾಗಿ, ದಾರಿ, ದೀಪ, ನೈರ್ಮಲ್ಯಗಳಿಗೆ ಹಣ ಬಂತು; 2019ರ ಮಾರ್ಚಿನಲ್ಲಿ ಯೋಜನೆ ಮುಗಿಯಿತು, ಹಾಸಿದ ಕಲ್ಲುಗಳನ್ನು ಕಾಯುವ ಕೆಲಸ ಪುರಸಭೆಯ ಲೆಕ್ಕಕ್ಕೆ ಸೇರಿತು. ಅದೇ ವರ್ಷದ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂದಾಗ, 2009ರ ನೆರೆಯ ನಂತರ ಆಸರೆ ಎಂಬ ಹೆಸರಿನಲ್ಲಿ ಕಟ್ಟಿದ ಪುನರ್ವಸತಿ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಖಾಲಿ ಇದ್ದ ವಿಷಯವೂ ಮತ್ತೆ ಚರ್ಚೆಗೆ ಬಂತು.

ಮತ್ತೆ ಬಾಗಲಕೋಟೆಗೆ ಬಂದರೆ, 2010ರ ಡಿಸೆಂಬರ್ 30ರಂದು ಕೃಷ್ಣಾ ನದಿ ನೀರಿನ ವ್ಯಾಜ್ಯದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಆ ಮಟ್ಟಕ್ಕೆ ಮುಳುಗುವ ಓಣಿಗಳ ಜನರಿಗಾಗಿ ನವನಗರದ ಮುಂದಿನ ಯೂನಿಟುಗಳ ನಿವೇಶನಗಳನ್ನು ರೂಪಿಸುವ ಕೆಲಸ ಪ್ರಾಧಿಕಾರದ ಕೈಯಲ್ಲಿದೆ. ಹಳೆಯ ಬಾಗಲಕೋಟೆಯ ಆ ಓಣಿಗಳಲ್ಲಿ ಹೊಸ ಚರಂಡಿಗೆ ಹಣ ಹಾಕಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ನಗರಸಭೆಯ ಮುಂದೆ ಪ್ರತಿ ವರ್ಷದ ಬಜೆಟ್ಟಿನಲ್ಲಿಯೂ ಬಂದು ನಿಲ್ಲುತ್ತದೆ.