ಪಾಪ್-ಅಪ್ ಕ್ಯಾಂಪರ್ ಆನಿಂಗ್

ಪಾಪ್-ಅಪ್ ಕ್ಯಾಂಪರ್ ಆನಿಂಗ್ ಎಂಬುದು ಮಡಚಬಹುದಾದ ಪ್ರವಾಸಿ ಟ್ರೇಲರ್‌ನ ಚಾವಣಿಯ ಅಂಚಿಗೆ ಜೋಡಿಸಿ, ಬಾಗಿಲಿನ ಮುಂದೆ ನೆರಳಿಗಾಗಿ ಹರಡುವ ಬಟ್ಟೆಯ ಮಾಡು. ಕಾರಿನ ಹಿಂದೆ ಎಳೆದೊಯ್ಯುವ ಇಂತಹ ಟ್ರೇಲರ್‌ಗಳು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳಲ್ಲಿ ಬಳಕೆಯಲ್ಲಿವೆ. ಟ್ರೇಲರ್‌ನ ಒಳಭಾಗ ಕಿರಿದಾಗಿರುವುದರಿಂದ ಊಟ ಮತ್ತು ವಿಶ್ರಾಂತಿಗೆ ಆನಿಂಗ್‌ನ ಕೆಳಗಿನ ಜಾಗವು ಒದಗುತ್ತದೆ.

ಆಯ್ಕೆ

ಈ ಟ್ರೇಲರ್‌ಗಳಲ್ಲಿ ಚೀಲದ ಮಾದರಿಯ ಆನಿಂಗ್ ಸಾಮಾನ್ಯ. ಸುರುಳಿ ಸುತ್ತಿದ ಬಟ್ಟೆಯು ಜಿಪ್ ಇರುವ ಉದ್ದನೆಯ ಚೀಲದಲ್ಲಿದ್ದು, ಪ್ರಯಾಣದ ವೇಳೆಯಲ್ಲಿಯೂ ಚಾವಣಿಯ ಅಂಚಿನಲ್ಲಿಯೇ ಉಳಿಯುತ್ತದೆ. ಗಟ್ಟಿ ಪೆಟ್ಟಿಗೆಯ ಮಾದರಿಯು ಇದಕ್ಕಿಂತ ಭಾರವಾದುದು. ಚಾವಣಿಯನ್ನು ಎತ್ತುವ ಯಂತ್ರಭಾಗಗಳು ಆನಿಂಗ್‌ನ ತೂಕವನ್ನೂ ಹೊರಬೇಕಾದ ಕಾರಣ, ಟ್ರೇಲರ್ ತಯಾರಕರು ಸೂಚಿಸಿದ ತೂಕದ ಮಿತಿಯೇ ಆಯ್ಕೆಯ ಮುಖ್ಯ ಮಾನದಂಡ. ವಿನೈಲ್ ಬಟ್ಟೆಯು ನೀರನ್ನು ಚೆನ್ನಾಗಿ ತಡೆಯುತ್ತದೆ. ಅಕ್ರಿಲಿಕ್ ನೇಯ್ಗೆಯಲ್ಲಿ ಗಾಳಿಯಾಡುವುದರಿಂದ ಅದು ಬೇಗ ಒಣಗುತ್ತದೆ.

ಅಳವಡಿಕೆ

ಮೊದಲು ಟ್ರೇಲರನ್ನು ಸಮತಟ್ಟಾಗಿ ನಿಲ್ಲಿಸಿ, ಚಾವಣಿಯನ್ನು ಪೂರ್ಣವಾಗಿ ಎತ್ತಲಾಗುತ್ತದೆ. ಬಳಿಕ ಚೀಲವನ್ನು ತೆರೆದು ಬಟ್ಟೆಯನ್ನು ಬಿಚ್ಚಿ, ಕಂಬಗಳನ್ನು ನಿಲ್ಲಿಸಿ, ಅಡ್ಡಕೋಲುಗಳಿಂದ ಬಿಗಿಗೊಳಿಸಲಾಗುತ್ತದೆ. ಕಂಬಗಳನ್ನು ಹಗ್ಗ ಮತ್ತು ಗೂಟಗಳಿಂದ ನೆಲಕ್ಕೆ ಭದ್ರಪಡಿಸಲಾಗುತ್ತದೆ.

ಸುರಕ್ಷತೆ ಮತ್ತು ನಿರ್ವಹಣೆ

ಒಂದು ಚದರ ಮೀಟರ್ ಬಟ್ಟೆಯ ಮೇಲೆ 1 ಸೆಂ.ಮೀ. ಆಳದ ನೀರು ನಿಂತರೆ ಅದರ ತೂಕ 10 ಕಿ.ಗ್ರಾಂ. ಆಗುತ್ತದೆ. ಈ ಭಾರದಿಂದ ಕಂಬಗಳು ಬಾಗಬಹುದು, ಬಟ್ಟೆ ಹರಿಯಬಹುದು. ಆದ್ದರಿಂದ ಮಳೆನೀರು ಹರಿದುಹೋಗುವಂತೆ ಹೊರಗಿನ ಒಂದು ಮೂಲೆಯನ್ನು ತಗ್ಗಿಸಿಡಲಾಗುತ್ತದೆ. ಬಿರುಗಾಳಿ ಬೀಸುವಾಗ ಮತ್ತು ಟ್ರೇಲರನ್ನು ಬಿಟ್ಟು ಹೊರಹೋಗುವಾಗ ಆನಿಂಗನ್ನು ಸುತ್ತಿಡುವುದು ಸುರಕ್ಷಿತ. ಒದ್ದೆ ಬಟ್ಟೆಯನ್ನು ಸುತ್ತಿಟ್ಟಿದ್ದಲ್ಲಿ, ಬೂಷ್ಟು ಹಿಡಿಯದಂತೆ ಆದಷ್ಟು ಬೇಗ ಮತ್ತೆ ಹರಡಿ ಒಣಗಿಸಬೇಕು.