ಬಣ್ಣಗಾರನ ವಿಶೇಷಣ

ಚನ್ನಪಟ್ಟಣದ ಗೊಂಬೆಯನ್ನು ಕೈಗೆತ್ತಿಕೊಂಡವರು ಅದರ ಬಣ್ಣವನ್ನು ಮೆಚ್ಚುವರು. ಒಳಗಿನ ಮರದ ಹೆಸರನ್ನು ಕೇಳುವವರು ವಿರಳ. ಅದು ಆಲೆ ಮರ, ಹಾಲೆಯೆಂದೂ ಹೇಳುವುದುಂಟು. ಮಾಗಡಿಯ ಸಾವನದುರ್ಗದಂತಹ ಒಣಗಾಡುಗಳಲ್ಲಿ ಬೆಳೆಯುವುದು. ಎಲೆಯನ್ನು ಚಿವುಟಿದರೆ ಹಾಲು ಜಿನುಗುವುದು. ನಮ್ಮವರು ಅದನ್ನು ನೋಡಿಯೇ ಹೆಸರಿಟ್ಟಂತಿದೆ. ಸಸ್ಯಶಾಸ್ತ್ರಜ್ಞರಾದರೋ ಇದನ್ನು ರೈಟಿಯ ಟಿಂಕ್ಟೋರಿಯ ಎನ್ನುವರು. ಮೊದಲ ಪದ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ರೈಟರಿಗೆ ಸಂದ ಗೌರವ. ಎರಡನೆಯದು ಲ್ಯಾಟಿನ್ ವಿಶೇಷಣ. ಅದರ ಕಥೆಯೇ ನಮಗೆ ಈಗ ಪ್ರಕೃತ.

ಲ್ಯಾಟಿನ್ನಿನಲ್ಲಿ ಟಿಂಗೆರೆ ಎಂದರೆ ಅದ್ದುವುದು, ಬಣ್ಣ ಕಟ್ಟುವುದು. ಅದ್ದುವವನು ಟಿಂಕ್ಟರ್, ಅಂದರೆ ಬಣ್ಣಗಾರ. ಅವನಿಗೆ ಸಂಬಂಧಿಸಿದುದು ಟಿಂಕ್ಟೋರಿಯಸ್. ಔಷಧದಂಗಡಿಯ ಟಿಂಕ್ಚರ್ ಕೂಡ ಇದೇ ಮನೆತನದ್ದು. ಕನ್ನಡದ ವಿಶೇಷಣ ನಿಶ್ಚಿಂತೆಯದು: ಕೆಂಪು ಕುದುರೆ, ಕೆಂಪು ಮರದಿಂದ, ಕೆಂಪು ಹೂಗಳಿಗೆ, ಎಲ್ಲಿಯೂ ರೂಪ ಬದಲಿಸದು. ಲ್ಯಾಟಿನ್ನಿನದು ಸಂಸ್ಕೃತದಂತೆ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಲೇಬೇಕು. ಪುಲ್ಲಿಂಗದಲ್ಲಿ ಟಿಂಕ್ಟೋರಿಯಸ್, ಸ್ತ್ರೀಲಿಂಗದಲ್ಲಿ ಟಿಂಕ್ಟೋರಿಯ, ನಪುಂಸಕದಲ್ಲಿ ಟಿಂಕ್ಟೋರಿಯಂ. ಸ್ತ್ರೀಲಿಂಗದ ಷಷ್ಠಿ ಏಕವಚನದಲ್ಲಿ ಟಿಂಕ್ಟೋರಿಯೇ. 1753ರಲ್ಲಿ ಲಿನೇಯಸ್ ಪಂಡಿತನು ಕುಸುಬೆಯನ್ನು ಕಾರ್ಥಮಸ್ ಟಿಂಕ್ಟೋರಿಯಸ್ ಎಂದೂ ನೀಲಿಗಿಡವನ್ನು ಇಂಡಿಗೋಫೆರ ಟಿಂಕ್ಟೋರಿಯ ಎಂದೂ ಕರೆದನು.

ನಮ್ಮ ಆಲೆ ಮರ ಎರಡು ಲಿಂಗಗಳನ್ನು ಕಂಡಿದೆ. ರಾಕ್ಸ್‌ಬರ್ಗ್ ಇಟ್ಟ ಹೆಸರು ನೀರಿಯಂ ಟಿಂಕ್ಟೋರಿಯಂ. ನೀರಿಯಂ ಎಂಬುದು ಕಣಗಿಲೆಯ ಕುಲ, ನಪುಂಸಕ. ಮುಂದೆ ರಾಬರ್ಟ್ ಬ್ರೌನ್ 1810ರಲ್ಲಿ ಕಲ್ಪಿಸಿದ ರೈಟಿಯ ಕುಲಕ್ಕೆ ಮರವು ಸೇರಲು, ಟಿಂಕ್ಟೋರಿಯಂ ಹೋಗಿ ಟಿಂಕ್ಟೋರಿಯ ಆಯಿತು. ಗಂಡಸಿನ ಹೆಸರಿನಿಂದ ಹುಟ್ಟಿದ ಕುಲ ಸ್ತ್ರೀಲಿಂಗವಾದುದು ವ್ಯಾಕರಣದ ವಿನೋದ.

ಬಣ್ಣದ ಮಾತೇಕೆ ಬಂದಿತು? ಇದರ ಎಲೆಯಿಂದ ನೀಲಿ ತೆಗೆಯಬಹುದು. ರಾಕ್ಸ್‌ಬರ್ಗನ ಕಣ್ಣು ಅದರ ಮೇಲಿತ್ತು. ಕುಂಪಣಿಯ ಕಾಲದಲ್ಲಿ ನೀಲಿಯೆಂದರೆ ಹಣ. ಆದರೆ 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗಿಳಿದ ಮೇಲೆ ಗಿಡದ ನೀಲಿಯ ವ್ಯಾಪಾರವೇ ಕುಸಿಯಿತು. ವಿಶೇಷಣ ಮಾತ್ರ ಉಳಿಯಿತು.

ಚನ್ನಪಟ್ಟಣದ ಕುಶಲಿಗೆ ಬೇಕಾದುದು ಎಲೆಯಲ್ಲ, ದಿಮ್ಮಿ: ಬಿಳಿದು, ನುಣುಪು, ಕಡೆಯಲು ಸುಲಭ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಹತ್ತುವುದು. ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪೇರುವುದು. ಬಣ್ಣಗಾರನ ಮರವೆಂದು ಹೆಸರಾದುದು ಇಲ್ಲಿ ಬಣ್ಣವನ್ನು ಕೊಡುವುದಿಲ್ಲ, ತೊಡುವುದು.